ಹಿಂದೆ ಕುಳಿತವರ ಜೀವ: ಯುದ್ಧಕಾಲದ ಸಾಗಣೆ ವಿಮಾನಗಳಲ್ಲಿ ಜುಗಾಡ್ ಎಲ್ಲಿಯವರೆಗೆ ಸರಿ?

2015ರ ಅಕ್ಟೋಬರ್ 2, ನಡುರಾತ್ರಿ. ಅಫ್ಗಾನಿಸ್ತಾನದ ಜಲಾಲಾಬಾದ್ ನೆಲೆಯಲ್ಲಿ ಅಮೆರಿಕದ ಒಂದು ಸಿ-130ಜೆ ಸಾಗಣೆ ವಿಮಾನ ಎಂಜಿನ್ ಆಫ್ ಮಾಡದೆ ನಿಂತಿತ್ತು. ಹಿಂದಿನ ಬಾಗಿಲಿನಿಂದ ಸಾಮಾನು ಇಳಿಸಿ ಹತ್ತಿಸುವ ಕೆಲಸ ನಡೆದಿತ್ತು. ಸಾಮಾನು ಎತ್ತರದ್ದು. ವಿಮಾನದ ಬಾಲದಲ್ಲಿ ಎಲಿವೇಟರ್ ಅಂತ ಒಂದು ಅಗಲವಾದ ಪಟ್ಟಿ ಇರುತ್ತದೆ, ವಿಮಾನದ ಮೂಗು ಏಳೋದು ಇಳಿಯೋದು ಅದರಿಂದಲೇ. ಆ ಪಟ್ಟಿ ಕೆಳಗೆ ಜೋತುಬಿದ್ದರೆ ಎತ್ತರದ ಸಾಮಾನಿಗೆ ಅಡ್ಡ ಬರುತ್ತದೆ. ಅದಕ್ಕೇ ಪೈಲಟ್ ತನ್ನ ಮುಂದಿನ ಹಿಡಿಕೆಯನ್ನು ಎದೆಯ ಕಡೆಗೆ ಎಳೆದು ಹಿಡಿದ, ಪಟ್ಟಿ ಮೇಲೆದ್ದಿತು. ಎಷ್ಟು ಹೊತ್ತು ಅಂತ ಕೈಯಲ್ಲೇ ಹಿಡಿದು ಕೂರೋದು? ರಾತ್ರಿ ನೋಡುವ ಕನ್ನಡಕ ಇಡುವ ಗಟ್ಟಿ ಡಬ್ಬಿಯೊಂದು ಪಕ್ಕದಲ್ಲಿತ್ತು. ಅದನ್ನು ಹಿಡಿಕೆಯ ಮುಂದೆ ಸಿಕ್ಕಿಸಿದ. ಜುಗಾಡ್ ಅನ್ನುತ್ತೇವಲ್ಲ, ಕೈಗೆ ಸಿಕ್ಕಿದ್ದರಲ್ಲೇ ಕೆಲಸ ಸಾಗಿಸುವ ಉಪಾಯ, ಅದು. ಕೆಲಸ ಸಲೀಸಾಯಿತು. ಆದರೆ ಡಬ್ಬಿ ತೆಗೆಯೋದು ಮರೆತುಹೋಯಿತು.

ವಿಮಾನ ನೆಲ ಬಿಟ್ಟಿತು. ಮೂಗು ಏರುತ್ತಲೇ ಇದೆ. ಇಳಿಸೋಣ ಅಂದರೆ ಹಿಡಿಕೆ ಮುಂದಕ್ಕೆ ಹೋಗುತ್ತಿಲ್ಲ. ಕತ್ತಲಲ್ಲಿ, ಕಣ್ಣಿಗೆ ಆ ಕನ್ನಡಕ ಹಾಕಿಕೊಂಡವರಿಗೆ ಮುಂದೆಯೇ ಇದ್ದ ಡಬ್ಬಿ ಕಾಣಲಿಲ್ಲ, ಯಂತ್ರವೇ ಕೆಟ್ಟಿದೆ ಅಂದುಕೊಂಡರು. ಅರ್ಧ ನಿಮಿಷದೊಳಗೆ ವಿಮಾನ ಬಿತ್ತು. ಒಳಗಿದ್ದ 11 ಜನ, ಕೆಳಗೆ ಕಾವಲು ಕಾಯುತ್ತಿದ್ದ 3 ಅಫ್ಗನ್ನರು, ಒಟ್ಟು 14 ಜೀವ ಹೋಯಿತು. ನಾವೇ ಹೊಡೆದು ಬೀಳಿಸಿದ್ದು ಅಂತ ತಾಲಿಬಾನ್ ಹೇಳಿಕೊಂಡಿತು. ಮುಂದಿನ ವರ್ಷ ಅಮೆರಿಕದ ವಾಯುಪಡೆಯ ತನಿಖಾ ವರದಿ ಬಂದಾಗ ಗೊತ್ತಾಯಿತು: ಗುಂಡೂ ಇಲ್ಲ, ರಾಕೆಟ್ಟೂ ಇಲ್ಲ. ಒಂದು ಡಬ್ಬಿ.

ಧಾರವಾಡದಲ್ಲಿ ಕೂತು ಜಲಾಲಾಬಾದಿನ ಡಬ್ಬಿಯ ಸುದ್ದಿ ಯಾಕೆ ಅಂತ ಕೇಳಬಹುದು. ಉಕ್ರೇನ್, ಸುಡಾನ್, ಗಾಜಾ, ನಮ್ಮದೇ ಆಪರೇಷನ್ ಸಿಂಧೂರ ಅಂತ ಕೆಲವು ವರ್ಷಗಳಿಂದ ಯುದ್ಧದ ವಿಡಿಯೋಗಳು ಒಂದರ ಹಿಂದೊಂದು ನಮ್ಮ ಫೋನಿಗೆ ಬಂದು ಬೀಳುತ್ತಿವೆ. ಮರದ ತುದಿ ಸವರಿಕೊಂಡು ಹಾರುವ ಹೆಲಿಕಾಪ್ಟರ್, ದೀಪವೇ ಇಲ್ಲದ ರನ್‌ವೇಗೆ ಇಳಿಯುವ ದೊಡ್ಡ ವಿಮಾನ. ಹುಬ್ಬಳ್ಳಿಯ ಯಾವ ವಾಟ್ಸ್ಯಾಪ್ ಗುಂಪಿನಲ್ಲಿ ನೋಡಿದರೂ ಕೆಳಗೆ ಒಂದೇ ಮಾತು: "ಏನ್ ಗುಂಡಿಗಿಪಾ ಇಂವಂದು!" ಗುಂಡಿಗೆ ಇರೋದು ನಿಜ. ಆದರೆ ಸಾಗಣೆ ವಿಮಾನದ ಪೈಲಟ್ ಯುದ್ಧವಿಮಾನದ ಪೈಲಟ್ ಥರ ಒಬ್ಬನೇ ಇರುವುದಿಲ್ಲ. ಅವನ ಬೆನ್ನ ಹಿಂದೆ ಇಪ್ಪತ್ತು, ನಲವತ್ತು, ಕೆಲವೊಮ್ಮೆ ನೂರಾರು ಜನ ಕೂತಿರುತ್ತಾರೆ. ಅವನು ತೆಗೆದುಕೊಳ್ಳುವ ಅಪಾಯ ಅವರದ್ದೂ ಆಗಿರುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ.

ನಮ್ಮ ಧಾರವಾಡ, ಗದಗ, ಹಾವೇರಿ ಹಳ್ಳಿಗಳಿಂದ ಸೇನೆಗೆ ಹೋಗುವ ಹುಡುಗರಲ್ಲಿ ಬಹುಪಾಲು ಜವಾನರು. ಕಾಕ್‌ಪಿಟ್‌ನಲ್ಲಿ ಕೂರುವವರು ಕಡಿಮೆ, ಹಿಂದಿನ ಬಲೆಯ ಸೀಟಿನಲ್ಲಿ ಕಾಲ ನಡುವೆ ಚೀಲ ಇಟ್ಟುಕೊಂಡು ಕೂರುವವರು ಜಾಸ್ತಿ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಈ ಕಡೆ ಯಾರೂ ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿಯಿತು, ಮದ್ರಾಸ್ ರೆಜಿಮೆಂಟಿನ 10 ಜನ ಅದರಡಿ ಸಿಕ್ಕಿದರು. ಆರು ದಿನ ಕಳೆದ ಮೇಲೂ ಹನುಮಂತಪ್ಪ ಜೀವಂತ ಸಿಕ್ಕರು, ಫೆಬ್ರುವರಿ 11ಕ್ಕೆ ದೆಹಲಿಯಲ್ಲಿ ತೀರಿಕೊಂಡರು. ಆಗ ನಾವೆಲ್ಲ ಅವರ ಛಲದ ಬಗ್ಗೆ ಮಾತಾಡಿದೆವು, ಮಾತಾಡಲೇಬೇಕಿತ್ತು. ಹಿಮ ಕೊರೆಯುವ ಯಂತ್ರಗಳು ಸುಮಾರು 19,500 ಅಡಿ ಎತ್ತರಕ್ಕೆ ಹೋಗಿದ್ದು ಹೆಲಿಕಾಪ್ಟರಿನಲ್ಲಿ ಅನ್ನೋದರ ಬಗ್ಗೆ ಅಷ್ಟು ಮಾತಾಗಲಿಲ್ಲ. ಆ ಎತ್ತರದಲ್ಲಿ ಗಾಳಿ ಎಷ್ಟು ತೆಳುವಾಗಿರುತ್ತದೆ ಅಂದರೆ ಹೆಲಿಕಾಪ್ಟರ್ ತನ್ನ ಭಾರವನ್ನೇ ಕಷ್ಟಪಟ್ಟು ಎತ್ತುತ್ತದೆ, ಪ್ರತಿ ಕಿಲೋಗೂ ಲೆಕ್ಕ. ಇಂಥ ಜಾಗದಲ್ಲಿ ಪುಸ್ತಕದಲ್ಲಿ ಬರೆದಷ್ಟೇ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಹಾಗಂತ ಪುಸ್ತಕವನ್ನು ಪಕ್ಕಕ್ಕಿಟ್ಟು ಹೊರಟರೂ ಆಗುವುದಿಲ್ಲ. ನನ್ನ ತಲೆ ಕೆಡಿಸಿರುವುದು ಈ ನಡುವಿನ ಜಾಗ.

ನಮ್ಮ ವಾಯುಪಡೆಯ ಇತಿಹಾಸದಲ್ಲಿ ಇದರ ಒಳ್ಳೆಯ ಉದಾಹರಣೆಗಳು ಸಾಕಷ್ಟಿವೆ. ಪಾಕಿಸ್ತಾನದ ಕಡೆಯಿಂದ ದಾಳಿಕೋರರು ಕಾಶ್ಮೀರಕ್ಕೆ ನುಗ್ಗಿದಾಗ, 1947ರ ಅಕ್ಟೋಬರ್ 27ರ ಬೆಳಗ್ಗೆ ದೆಹಲಿಯಿಂದ ಶ್ರೀನಗರಕ್ಕೆ ಡಕೋಟಾ ವಿಮಾನಗಳಲ್ಲಿ ಒಂದನೇ ಸಿಖ್ ಪಲ್ಟನ್ನಿನ ಸೈನಿಕರನ್ನು ಕಳಿಸಿದರು. ವಾಯುಪಡೆಯ ವಿಮಾನ ಸಾಲದೆ ಖಾಸಗಿ ಕಂಪನಿಗಳ ಡಕೋಟಾಗಳನ್ನೂ ಕರೆಸಿಕೊಂಡಿದ್ದರು. ಶ್ರೀನಗರದ ವಿಮಾನ ನಿಲ್ದಾಣ ಯಾರ ಕೈಯಲ್ಲಿದೆ ಅಂತ ಖಚಿತವಾಗಿ ಗೊತ್ತಿರಲಿಲ್ಲ. ಇಷ್ಟು ಸಾಕು, ನುಗ್ಗಿಬಿಡಿ ಅಂತ ಕಳಿಸಿದರು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿರಲಿಲ್ಲ. ಪಲ್ಟನ್ನಿನ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ಅವರಿಗೆ ಕೊಟ್ಟಿದ್ದ ಆದೇಶದಲ್ಲೇ ಇತ್ತು: ಮೊದಲು ಮೇಲಿಂದ ಸುತ್ತು ಹಾಕಿ ನೋಡಿ, ಅನುಮಾನ ಬಂದರೆ ಇಳಿಯಬೇಡಿ, ಜಮ್ಮುವಿಗೆ ಹೋಗಿ. ದೇಶದ ಒಂದು ಭಾಗವೇ ಕೈತಪ್ಪುವ ಹೊತ್ತಿನಲ್ಲೂ ವಾಪಸ್ ಬರುವ ದಾರಿಯನ್ನು ಆದೇಶದಲ್ಲಿ ಬರೆದಿದ್ದರು. ನನಗೆ ಆ ಇಡೀ ದಿನದಲ್ಲಿ ದೊಡ್ಡದಾಗಿ ಕಾಣುವುದು ಈ ಒಂದು ಸಾಲು. ಕರ್ನಲ್ ರಾಯ್ ಅದೇ ದಿನ ಬಾರಾಮುಲ್ಲಾ ಕಡೆಯ ಕಾದಾಟದಲ್ಲಿ ತೀರಿಕೊಂಡರು.

ಆಮೇಲೆ ಏರ್ ಕಮಡೋರ್ ಮೆಹರ್ ಸಿಂಗ್. ಎಲ್ಲರೂ 'ಬಾಬಾ' ಅಂತ ಕರೆಯುತ್ತಿದ್ದರು. ಪೂಂಛ್ ಪಟ್ಟಣವನ್ನು ಶತ್ರುಗಳು ಸುತ್ತುವರಿದಿದ್ದರು, ಒಳಗೆ ಸೈನಿಕರ ಜೊತೆ ಸಾವಿರಾರು ನಿರಾಶ್ರಿತರು. ಅಲ್ಲಿದ್ದವರೇ ಅಗೆದು ಸಮ ಮಾಡಿದ ಒಂದು ಸಣ್ಣ ಪಟ್ಟಿಯ ಮೇಲೆ 1947ರ ಡಿಸೆಂಬರಿನಲ್ಲಿ ಅವರು ಡಕೋಟಾ ಇಳಿಸಿದರು. ಮುಂದೆ ತೋಪುಗಳನ್ನು ತರಬೇಕಾದಾಗ ರಾತ್ರಿ, ಎಣ್ಣೆ ದೀಪಗಳ ಬೆಳಕಿನಲ್ಲಿ ಇಳಿದರು. 1948ರ ಮೇ 24ರಂದು ಲೇಹ್‌ಗೆ ಹೋದರು. ಲಡಾಖಿನ ಎಂಜಿನಿಯರ್ ಸೋನಂ ನೋರ್ಬು ಸಿಂಧೂ ನದಿಯ ಬದಿಯ ಮರಳುನೆಲದಲ್ಲಿ ರನ್‌ವೇ ಮಾಡಿಸಿದ್ದರು, 10,000 ಅಡಿಗೂ ಎತ್ತರದಲ್ಲಿ. ಹೋಗುವ ದಾರಿಗೆ ಸರಿಯಾದ ನಕ್ಷೆ ಇಲ್ಲ. ದಾರಿಯ ಶಿಖರಗಳ ಎತ್ತರಕ್ಕೆ ಡಕೋಟಾ ಮಾಡಿದ್ದೇ ಅಲ್ಲ, ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ ವ್ಯವಸ್ಥೆ ಇಲ್ಲ, ರೆಕ್ಕೆಯ ಮೇಲೆ ಕಟ್ಟುವ ಹಿಮ ಕರಗಿಸುವ ಸಾಧನವೂ ಇರಲಿಲ್ಲ. ಆ ವಿಮಾನದಲ್ಲಿ ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ ಕೂತಿದ್ದರು.

ಇದನ್ನು ನೋಡಿ "ಹುಚ್ಚು ಸಾಹಸ" ಅನ್ನುವವರಿದ್ದಾರೆ, "ನಿಯಮ ಮುರಿದರೇನೇ ವೀರ" ಅನ್ನುವವರೂ ಇದ್ದಾರೆ. ಎರಡೂ ಸರಿ ಅನ್ನಿಸುವುದಿಲ್ಲ. ಮೆಹರ್ ಸಿಂಗ್ ಕಿರಿಯ ಪೈಲಟ್‌ಗಳನ್ನು ಮೊದಲು ಕಳಿಸಿ ನೋಡಲಿಲ್ಲ. ಪೂಂಛ್‌ಗೂ ಲೇಹ್‌ಗೂ ಮೊದಲು ಇಳಿದವರು ಅವರೇ. ಲೇಹ್‌ಗೆ ಪಡೆ ಕಳಿಸಬೇಕಾಗಿದ್ದ ತಿಮ್ಮಯ್ಯನವರು ಅದೇ ವಿಮಾನದಲ್ಲಿ ಹೋದರು, ಅಂದರೆ ಅಪಾಯಕ್ಕೆ ಒಪ್ಪಿಗೆ ಕೊಟ್ಟವರೇ ಅಪಾಯದೊಳಗೆ ಕೂತಿದ್ದರು. ಆ ದಾರಿ ಹೇಗಿದೆ, ಇಳಿಯುವಾಗ ಏನಾಗುತ್ತದೆ ಅನ್ನೋದನ್ನು ಕಲಿತು ಬಂದ ಮೇಲೆ ಉಳಿದವರು ಹೋದರು. ಒಬ್ಬನ ಸಾಹಸ ಎಲ್ಲರಿಗೂ ಗೊತ್ತಿರುವ ಕೆಲಸವಾಯಿತು.

ಸಾಗಣೆ ವಿಮಾನವನ್ನೇ ಬಾಂಬರ್ ಮಾಡಿದ್ದೂ ಇದೇ ಕಾಶ್ಮೀರದಲ್ಲಿ, ಡಕೋಟಾದ ಬಾಗಿಲಿನಿಂದ ಬಾಂಬ್ ಉರುಳಿಸಿದರು. 1971ರ ಯುದ್ಧದಲ್ಲಿ ಅದೇ ಉಪಾಯವನ್ನು ಎಎನ್-12 ಅನ್ನುವ ಸಾಗಣೆ ವಿಮಾನ ದೊಡ್ಡದಾಗಿ ಮಾಡಿತು: 44ನೇ ಸ್ಕ್ವಾಡ್ರನ್ನಿನ ವಿಂಗ್ ಕಮಾಂಡರ್ ವಶಿಷ್ಠ ಅವರ ಮುಂದಾಳತ್ವದಲ್ಲಿ ಪಾಕಿಸ್ತಾನದ ಚಾಂಗಾ ಮಾಂಗಾ ಕಾಡಿನ ಮದ್ದುಗುಂಡಿನ ದಾಸ್ತಾನಿನ ಮೇಲೆ ರಾತ್ರಿ ಬಾಂಬ್ ಹಾಕಿದರು, ಅವರಿಗೆ ಮಹಾವೀರ ಚಕ್ರ ಬಂತು. ಅದೇ ಡಿಸೆಂಬರ್ 3ರ ರಾತ್ರಿ, ಇನ್ನೂ ಹುಟ್ಟುತ್ತಿದ್ದ ಬಾಂಗ್ಲಾದೇಶದ ಪೈಲಟ್‌ಗಳು ಒಂದು ಸಣ್ಣ ಆಟರ್ ವಿಮಾನಕ್ಕೆ ರಾಕೆಟ್ ಕಟ್ಟಿಕೊಂಡು ಚಿತ್ತಗಾಂಗ್‌ನ ಎಣ್ಣೆ ಡಿಪೋ ಹೊಡೆದರು. ಸುಮ್ನೆ ಆ ರಾತ್ರಿ ಹೊಳೆದ ಐಡಿಯಾ ಅಲ್ಲ ಇದು. ಸೆಪ್ಟೆಂಬರ್ ಕೊನೆಯಿಂದ ನಾಗಾಲ್ಯಾಂಡಿನ ದಿಮಾಪುರದಲ್ಲಿ, ನಮ್ಮವರ ಸಹಾಯದಿಂದ, ಕಾಡಿನ ಮೇಲೆ ಹಾರಿ ಹಾರಿ ಕಲಿತಿದ್ದರು. ಹೊರಗಿನಿಂದ ನೋಡಿದರೆ ಜುಗಾಡ್, ಒಳಗೆ ನೋಡಿದರೆ ತಿಂಗಳುಗಟ್ಟಲೆ ತಾಲೀಮು.

ಈಗ ಜಲಾಲಾಬಾದಿನ ಡಬ್ಬಿಯನ್ನು ಇವುಗಳ ಪಕ್ಕ ಇಟ್ಟು ನೋಡಿ. ಲೇಹ್‌ನ ಅಪಾಯ ಬೆಟ್ಟದಷ್ಟಿತ್ತು, ಅದಕ್ಕೇ ಎಲ್ಲರ ಕಣ್ಣೂ ಅದರ ಮೇಲಿತ್ತು. ಡಬ್ಬಿಯ ಅಪಾಯ ಅಂಗೈಯಷ್ಟು, ಅದಕ್ಕೇ ಯಾರೂ ಅದನ್ನು ಅಪಾಯ ಅಂತ ಲೆಕ್ಕಕ್ಕೇ ಹಿಡಿಯಲಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಓಡಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಲಾರಿ ಕೆಟ್ಟು ನಿಂತಾಗ ಜಾರದಿರಲಿ ಅಂತ ಗಾಲಿಗೆ ಕಲ್ಲು ಕೊಡುತ್ತಾರೆ, ಅದು ಸರಿಯೇ. ರಿಪೇರಿ ಮುಗಿದ ಮೇಲೆ ಲಾರಿ ಹೋಗುತ್ತದೆ, ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ, ಕತ್ತಲಲ್ಲಿ ಬಂದ ಬೈಕಿನವನು ಅದಕ್ಕೆ ಬಡಿದು ಬೀಳುತ್ತಾನೆ. ಕಲ್ಲು ಇಟ್ಟಿದ್ದು ತಪ್ಪಲ್ಲ. ಅದನ್ನು ಎತ್ತುವುದು ಯಾರ ಕೆಲಸ ಅಂತ ಯಾರೂ ಹೇಳಿರಲಿಲ್ಲ.

ವಿಮಾನದಲ್ಲಿ ಚೆಕ್‌ಲಿಸ್ಟ್ ಇರುವುದೇ ಇದಕ್ಕೆ. ಏರುವ ಮೊದಲು ಹಿಡಿಕೆಯನ್ನು ಹಿಂದೆ ಮುಂದೆ ಪೂರ್ತಿ ಆಡಿಸಿ ನೋಡುವುದು ಹಾರಾಟ ಕಲಿಯುವವರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು. ಎಂಜಿನ್ ಆಡುತ್ತಿರುವಾಗಲೇ ಸಾಮಾನು ಹೇರಿ ಹೊರಡುವ ಅವಸರದಲ್ಲಿ, ಶತ್ರುಗಳು ಗುಂಡು ಹಾರಿಸಬಹುದಾದ ಜಾಗದಲ್ಲಿ, ಇಂಥ ಹೆಜ್ಜೆಗಳು ಸದ್ದಿಲ್ಲದೆ ಜಾರಿಹೋಗುತ್ತವೆ. ಡಬ್ಬಿ ಇಡುವುದು ಯಾವ ಚೆಕ್‌ಲಿಸ್ಟಿನಲ್ಲೂ ಇರಲಿಲ್ಲ, ಹಾಗಾಗಿ ಡಬ್ಬಿ ತೆಗೆಯುವುದೂ ಯಾವುದರಲ್ಲೂ ಇರಲಿಲ್ಲ. ಜುಗಾಡಿನ ನಿಜವಾದ ಅಪಾಯ ಇಲ್ಲಿದೆ. ಅದು ಒಬ್ಬನ ತಲೆಯಲ್ಲಿ ಮಾತ್ರ ಇರುತ್ತದೆ, ಆ ತಲೆ ಬೇರೆ ಕಡೆ ತಿರುಗಿದ ಕ್ಷಣ ಅದು ಎಲ್ಲಿಯೂ ಇರುವುದಿಲ್ಲ. "ಡಬ್ಬಿ ಇಟ್ಟಿದ್ದೀನಿ, ನೆನಪಿಸು" ಅಂತ ಸಹ ಪೈಲಟ್‌ಗೆ ಜವಾಬ್ದಾರಿ ಹಚ್ಚಿದ್ದರೆ, ಹಿಂದೆ ಸಾಮಾನು ನೋಡಿಕೊಳ್ಳುತ್ತಿದ್ದ ಲೋಡ್‌ಮಾಸ್ಟರಿಗೂ ಒಂದು ಮಾತು ಹೇಳಿದ್ದರೆ, ಅದು ಮೂರು ತಲೆಯಲ್ಲಿ ಇರುತ್ತಿತ್ತು.

ಧೈರ್ಯಕ್ಕಿಂತ ಶಿಸ್ತು ಜಾಸ್ತಿ ಸಾಮಾನು ಸಾಗಿಸುತ್ತದೆ ಅನ್ನೋದಕ್ಕೆ ಎರಡನೇ ಮಹಾಯುದ್ಧದಲ್ಲೇ ಲೆಕ್ಕ ಸಿಗುತ್ತದೆ. ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾದ ಕುನ್‌ಮಿಂಗ್‌ಗೆ ಅಮೆರಿಕದವರು ಮೂರು ವರ್ಷ ವಿಮಾನದಲ್ಲೇ ಸರಕು ಸಾಗಿಸಿದರು, ಸುಮಾರು ಆರೂವರೆ ಲಕ್ಷ ಟನ್. ಕಳೆದುಕೊಂಡ ವಿಮಾನಗಳು 600ರ ಹತ್ತಿರ. ಮೊದಮೊದಲು 650 ಗಂಟೆ ಹಾರಿದರೆ ಊರಿಗೆ ಹೋಗಬಹುದು ಅಂತ ನಿಯಮ ಇತ್ತು. ಬೇಗ ಮುಗಿಸಿ ಮನೆ ಸೇರೋಣ ಅಂತ ಪೈಲಟ್‌ಗಳು ನಿದ್ದೆಗೆಟ್ಟು ಹಾರುತ್ತಿದ್ದರು, ಬೀಳುತ್ತಿದ್ದರು. 1944ರಲ್ಲಿ ವಿಲಿಯಂ ಟನ್ನರ್ ಅನ್ನುವ ಅಧಿಕಾರಿ ಬಂದರು. ಗಂಟೆಯನ್ನು 750ಕ್ಕೆ ಏರಿಸಿ, ಎಷ್ಟೇ ಬೇಗ ಮುಗಿಸಿದರೂ ಒಂದು ವರ್ಷ ಇರಲೇಬೇಕು ಅಂದರು. ಅವಸರಕ್ಕೆ ಅರ್ಥವೇ ಉಳಿಯಲಿಲ್ಲ. ಪೈಲಟ್‌ಗಳು ಬೈದುಕೊಂಡರು, ಆದರೆ ಅಪಘಾತ ಇಳಿಯಿತು, ಸಾಗಿಸಿದ ಸರಕು ಏರಿತು. ಅದೇ ಟನ್ನರ್ 1948ರಲ್ಲಿ ಬರ್ಲಿನ್‌ಗೆ ಹೋದರು. ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲುಗಳನ್ನು ಸೋವಿಯತ್ತರು ಮುಚ್ಚಿದ್ದರು, ಊರಿಗೆ ಹಿಟ್ಟೂ ವಿಮಾನದಲ್ಲೇ ಹೋಗಬೇಕಿತ್ತು. ಆಗಸ್ಟ್ 13ರ ಕೆಟ್ಟ ಹವೆಯಲ್ಲಿ ವಿಮಾನಗಳು ಒಂದರ ಮೇಲೊಂದು ಸುತ್ತುತ್ತಾ ಗೊಂದಲವಾಗಿ, ಕೆಲವು ನೆಲದಲ್ಲಿ ಹಾನಿಗೊಂಡ ಮೇಲೆ ಹೊಸ ನಿಯಮ ಬಂತು: ಒಂದು ಸಲ ಇಳಿಯಲು ನೋಡಿ, ಆಗದಿದ್ದರೆ ತುಂಬಿದ ವಿಮಾನವನ್ನೇ ವಾಪಸ್ ಒಯ್ಯಿ. ಎರಡನೇ ಪ್ರಯತ್ನ ಇಲ್ಲ. ಹಸಿದ ಊರಿಗೆ ತಂದ ಹಿಟ್ಟನ್ನು ವಾಪಸ್ ಒಯ್ಯುವುದು ಅಂದರೆ ಹೊಟ್ಟೆ ಉರಿಯುತ್ತದೆ. ಆದರೂ ಆ ನಿಯಮದಿಂದಲೇ ಬರ್ಲಿನ್ ಬದುಕಿತು ಅಂತ ನಾನು ನಂಬುತ್ತೇನೆ.

ಹಾಗಾದರೆ ಯಾವಾಗಲೂ ನಿಯಮವೇ ಗೆಲ್ಲಬೇಕಾ? ಇಲ್ಲ. 2021ರ ಆಗಸ್ಟ್ 15ರಂದು, ತಾಲಿಬಾನ್ ಕಾಬೂಲ್ ಹಿಡಿದ ದಿನ, ಅಲ್ಲಿನ ವಿಮಾನ ನಿಲ್ದಾಣದಲ್ಲಿ ಅಮೆರಿಕದ ಒಂದು ಸಿ-17 ವಿಮಾನದ ಹಿಂದಿನ ಇಳಿಜಾರು ಬಾಗಿಲಿನಿಂದ ಜನ ಹತ್ತಿಬಿಟ್ಟರು. ಇಳಿಸಲು ಹೋಗಿದ್ದರೆ ಅಲ್ಲೇ ಕಾಲ್ತುಳಿತ. ಸಿಬ್ಬಂದಿ ಎಲ್ಲರನ್ನೂ ನೆಲದ ಮೇಲೆ ಕೂರಿಸಿ ಹಾರಿದರು. ಮೊದಲು 640 ಜನ ಅಂದಿದ್ದರು, ಮಡಿಲಲ್ಲಿದ್ದ ಮಕ್ಕಳನ್ನು ಸೇರಿಸಿ ಎಣಿಸಿದಾಗ 823. ಸಿ-17 ಹೊರುವ ಭಾರಕ್ಕೆ ಅದು ಹೆಚ್ಚಾಗಿರಲಿಲ್ಲ, ಸೀಟು ಬೆಲ್ಟು ಮಾತ್ರ ಇರಲಿಲ್ಲ. ಯಾವ ನಿಯಮ ಮುರಿಯುತ್ತಿದ್ದೇವೆ, ಯಾವುದನ್ನು ಮುರಿಯುತ್ತಿಲ್ಲ ಅಂತ ಅವರಿಗೆ ಗೊತ್ತಿತ್ತು. ಮರುದಿನ ಇನ್ನೊಂದು ಸಿ-17 ಹೊರಟಾಗ ಹೊರಗೆ ಜೋತುಬಿದ್ದಿದ್ದವರು ಮೇಲಿಂದ ಬಿದ್ದು ಸತ್ತರು. ಆ ಸಿಬ್ಬಂದಿಯದು ತಪ್ಪಿಲ್ಲ ಅಂತ ತನಿಖೆ ಹೇಳಿತು. ಜನ ನುಗ್ಗಿದ್ದ ರನ್‌ವೇ, ನಿಂತರೂ ಅಪಾಯ, ಹೊರಟರೂ ಅಪಾಯ. ಅದನ್ನು ಇಲ್ಲಿ ಕೂತು ತೀರ್ಪು ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಒಂದು ಸಲ ಗೆದ್ದ ಉಪಾಯವನ್ನೇ ಮತ್ತೆ ಮತ್ತೆ ಮಾಡುವುದು ಇನ್ನೊಂದು ಬಲೆ. 2022ರಲ್ಲಿ ರಷ್ಯಾ ಸುತ್ತುವರಿದ ಮರಿಯುಪೋಲ್‌ಗೆ ಉಕ್ರೇನಿನ ಎಂಐ-8 ಹೆಲಿಕಾಪ್ಟರುಗಳು ತೀರ ಕೆಳಗೆ ಹಾರಿ ಮದ್ದುಗುಂಡು, ಔಷಧಿ ಒಯ್ದವು, ಗಾಯಾಳುಗಳನ್ನು ತಂದವು. ಮೊದಲ ಕೆಲವು ಹಾರಾಟ ಶತ್ರುವಿಗೆ ಗೊತ್ತಾಗಲೇ ಇಲ್ಲ. ಆಮೇಲೆ ಗೊತ್ತಾಯಿತು, ಹೆಲಿಕಾಪ್ಟರುಗಳು ಬೀಳತೊಡಗಿದವು. ಅದು ಪೈಲಟ್‌ಗಳು ಗೊತ್ತಿದ್ದೇ ಒಪ್ಪಿಕೊಂಡ ಸಾವು, ಅದಕ್ಕೆ ತಲೆಬಾಗುತ್ತೇನೆ. 2014ರ ಜೂನ್ 14ರದು ಬೇರೆ. ಪೂರ್ವ ಉಕ್ರೇನಿನ ಲುಹಾನ್ಸ್ಕ್ ವಿಮಾನ ನಿಲ್ದಾಣಕ್ಕೆ ಉಕ್ರೇನ್ ಸೇನೆ ಒಂದರ ಹಿಂದೊಂದು ಐಎಲ್-76 ಸಾಗಣೆ ವಿಮಾನ ಕಳಿಸಿತು. ಮೊದಲನೆಯದು ಇಳಿಯಿತು. ಅದೇ ದಾರಿಯಲ್ಲಿ ಬಂದ ಎರಡನೆಯದನ್ನು ಕೆಳಗೆ ಕಾಯುತ್ತಿದ್ದ ರಷ್ಯಾ ಪರ ಬಂಡುಕೋರರು ಹೊಡೆದರು, 49 ಜನ ಹೋದರು. ಉಕ್ರೇನಿನ ಕೋರ್ಟು ತನ್ನದೇ ಒಬ್ಬ ಜನರಲ್‌ಗೆ ಶಿಕ್ಷೆ ಕೊಟ್ಟಿತು, ಮೇಲಿನ ಕೋರ್ಟು ಬಿಡುಗಡೆ ಮಾಡಿತು. ಆ ಪೈಲಟ್ ಏನೂ ಹುಚ್ಚಾಟ ಮಾಡಿರಲಿಲ್ಲ. ಅಪಾಯ ತೆಗೆದುಕೊಂಡಿದ್ದು ಮೇಲಿನವರು, ಕೂತಿದ್ದು ಹುಡುಗರು.

ನಮ್ಮ ಕಡೆಯವರಿಗೆ ಹತ್ತಿರದ್ದು ಸುಡಾನ್. 2023ರ ಏಪ್ರಿಲಿನಲ್ಲಿ ಅಲ್ಲಿ ಅಂತರ್ಯುದ್ಧ ಹತ್ತಿದಾಗ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಸಿಕ್ಕಿಕೊಂಡಿದ್ದರು. ಆಪರೇಷನ್ ಕಾವೇರಿಯಲ್ಲಿ ಒಟ್ಟು 3,862 ಜನರನ್ನು ಕರೆತಂದರು. ಬಂದರಿಗೆ ತಲುಪಲಾರದ 121 ಜನರಿಗಾಗಿ ನಮ್ಮ ಒಂದು ಸಿ-130ಜೆ ಏಪ್ರಿಲ್ 27-28ರ ರಾತ್ರಿ ಖಾರ್ಟೂಮಿನಿಂದ ಸುಮಾರು 40 ಕಿಲೋಮೀಟರ್ ದೂರದ ವಾಡಿ ಸಯ್ಯಿದ್ನಾ ಅನ್ನುವ ಹದಗೆಟ್ಟ ರನ್‌ವೇಗೆ ಇಳಿಯಿತು. ದೀಪ ಇಲ್ಲ, ದಾರಿ ತೋರಿಸುವ ಸಾಧನ ಇಲ್ಲ, ಇಂಧನ ಇಲ್ಲ. ಹತ್ತಿರ ಬಂದಾಗ ಶಾಖ ಗುರುತಿಸುವ ಕ್ಯಾಮೆರಾದಿಂದ ರನ್‌ವೇ ಮೇಲೆ ಅಡ್ಡ ಏನೂ ಇಲ್ಲ, ಶತ್ರುಗಳಿಲ್ಲ ಅಂತ ಖಚಿತ ಮಾಡಿಕೊಂಡರು, ಆಮೇಲೆ ರಾತ್ರಿ ಕನ್ನಡಕ ಹಾಕಿಕೊಂಡು ಇಳಿದರು. ಎಂಜಿನ್ ಆಫ್ ಮಾಡಲಿಲ್ಲ, ಗರುಡ್ ಕಮಾಂಡೊಗಳು ಜನರನ್ನು ಹತ್ತಿಸಿದರು, ಜೆಡ್ಡಾಕ್ಕೆ ವಾಪಸ್. ಜಲಾಲಾಬಾದಿನಲ್ಲಿದ್ದ ಅದೇ ಜಾತಿಯ ವಿಮಾನ, ಅದೇ ಥರದ ಕನ್ನಡಕ, ಎಂಜಿನ್ ಆಡುತ್ತಿರುವಾಗಲೇ ಹತ್ತಿಸುವ ಅದೇ ಅವಸರ. ಟಿವಿಯಲ್ಲಿ "ಜೀವದ ಹಂಗು ತೊರೆದು" ಅಂತ ಹೇಳಿದ್ದು ಕೇಳಿ ನನಗೆ ಸಮಾಧಾನ ಆಗಲಿಲ್ಲ. ಆ ಪೈಲಟ್‌ಗಳು ಜೀವದ ಹಂಗು ಇಟ್ಟುಕೊಂಡೇ ಹೋಗಿದ್ದರು, ಇಳಿಯುವ ಮೊದಲು ನೋಡಿದ್ದು ಅದಕ್ಕೇ.

ಇನ್ನು ನಮ್ಮಲ್ಲಿ ನಡೆಯಬೇಕಾದ ಕೆಲಸ. ಡಬ್ಬಿಯ ಸಂಗತಿ ನನಗೂ ನಿಮಗೂ ಗೊತ್ತಾಗಿದ್ದು ಅಮೆರಿಕದ ವಾಯುಪಡೆ ತನ್ನ ತಪ್ಪಿನ ವರದಿಯನ್ನು ಜನರ ಮುಂದೆ ಇಟ್ಟಿದ್ದರಿಂದ. ತಾಲಿಬಾನ್ ಹೊಡೆಯಿತು ಅಂತ ಸುಮ್ಮನಿದ್ದುಬಿಡಬಹುದಿತ್ತು, ಸತ್ತವರಿಗೆ ಅದು ಹೆಚ್ಚು ಗೌರವದ ಸಾವಿನಂತೆಯೂ ಕಾಣುತ್ತಿತ್ತು. ನಮ್ಮಲ್ಲಿ ಕೋರ್ಟ್ ಆಫ್ ಇನ್‌ಕ್ವೈರಿ ಅನ್ನುವ ಸೇನೆಯೊಳಗಿನ ತನಿಖೆ ನಡೆಯುತ್ತದೆ, ಆದರೆ ಅದರ ಪೂರ್ತಿ ವರದಿ ಹೊರಗೆ ಬರುವುದು ಅಪರೂಪ. 2016ರ ಜುಲೈ 22ರಂದು ಚೆನ್ನೈ ಹತ್ತಿರದಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಎಎನ್-32 ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು, 29 ಜನ ಇದ್ದರು. ಸಮುದ್ರದ ತಳದಲ್ಲಿ ಸುಮಾರು 3,400 ಮೀಟರ್ ಆಳದಲ್ಲಿ ಅದರ ಅವಶೇಷ ಸಿಕ್ಕ ಸುದ್ದಿ ಬಂದಿದ್ದು 2024ರ ಜನವರಿಯಲ್ಲಿ. 1968ರಲ್ಲಿ ರೋಹ್ತಾಂಗ್ ಬಳಿ 102 ಜನರೊಂದಿಗೆ ಬಿದ್ದ ಎಎನ್-12ರ ನಾಲ್ವರ ದೇಹ ಸಿಕ್ಕಿದ್ದೂ 2024ರಲ್ಲೇ. ಇವು ಯಾರದೋ ಜುಗಾಡಿನಿಂದ ಬಿದ್ದವು ಅಂತ ನಾನು ಹೇಳುತ್ತಿಲ್ಲ. ಅಷ್ಟು ವರ್ಷ ಆ ಮನೆಗಳಲ್ಲಿ ಕಾದವರಿಗೆ ಉತ್ತರ ಇರಲಿಲ್ಲ ಅನ್ನುತ್ತಿದ್ದೇನೆ.

ಯುದ್ಧದ ಗುಟ್ಟು ಬಿಟ್ಟುಕೊಡಿ ಅಂತ ಯಾರೂ ಕೇಳುವುದಿಲ್ಲ. ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಏನು ಹೊತ್ತಿತ್ತು ಅನ್ನೋದನ್ನು ಮುಚ್ಚಿಡಲಿ. ಯಾವ ಹೆಜ್ಜೆ ತಪ್ಪಿತು, ಅದನ್ನು ಸರಿ ಮಾಡಲು ಏನು ಬದಲಾಯಿಸಿದರು ಅನ್ನೋದನ್ನು ಹೇಳಬಹುದು. ಪೈಲಟ್‌ಗಳು ಯುದ್ಧದ ನಡುವೆ ಕಂಡುಕೊಂಡ ಹೊಸ ಉಪಾಯಗಳನ್ನು ಶಿಕ್ಷೆಯ ಭಯ ಇಲ್ಲದೆ ಮೇಲಿನವರಿಗೆ ಹೇಳುವ ದಾರಿ ಇರಬೇಕು, ಒಳ್ಳೆಯದನ್ನು ಪುಸ್ತಕಕ್ಕೆ ಸೇರಿಸಿ ಕೆಟ್ಟದ್ದನ್ನು ಅಂದೇ ನಿಲ್ಲಿಸಬೇಕು. ನಮ್ಮ ಭಾಗದ ಸಂಸದರು ರಕ್ಷಣಾ ಇಲಾಖೆಗೆ ಲೋಕಸಭೆಯಲ್ಲಿ ಕೇಳಬಹುದಾದ ನೇರ ಪ್ರಶ್ನೆ ಇದು: ಕಳೆದ ಹತ್ತು ವರ್ಷಗಳಲ್ಲಿ ಸಾಗಣೆ ವಿಮಾನ, ಹೆಲಿಕಾಪ್ಟರ್ ಅಪಘಾತಗಳ ತನಿಖೆಯಿಂದ ಏನೇನು ಬದಲಾಯಿತು, ಅದನ್ನು ಸತ್ತವರ ಮನೆಯವರಿಗೆ ಹೇಳಿದ್ದೀರಾ?